ಕಿವಿ ಡಾಕ್ಟರ್ ಓದದ ಸಾಲು

ಕಂಪ್ಯೂಟರ್ ಏಳುತ್ತಿಲ್ಲ ಎಂದು ಯಾರೇ ಅಂಗಡಿಗೆ ಬರಲಿ, ಅವನು ಮೊದಲು ಮಾಡುತ್ತಿದ್ದ ಕೆಲಸ ಕಣ್ಣು ಮುಚ್ಚುವುದು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ವೈರು ಸಿಕ್ಕಿಸಿ, ಪರದೆಗೆ ಬೆನ್ನು ಹಾಕಿ ನಿಂತು ಸ್ವಿಚ್ಚು ಒತ್ತುತ್ತಿದ್ದ. ಫ್ಯಾನು ಹೇಗೆ ತಿರುಗುತ್ತಿದೆ, ಡಿಸ್ಕು ಎಷ್ಟು ಸಲ ಕಟಕಟ ಎಂದಿತು, ಒಳಗಿನ ಪುಟ್ಟ ಸ್ಪೀಕರು ಉದ್ದಕ್ಕೆ ಕೂಗಿತೋ ಗಿಡ್ಡಕ್ಕೆ ಕೂಗಿತೋ, ಎಲ್ಲ ಕೇಳಿಸಿಕೊಂಡು 'ಮೆಮೊರಿ' ಎಂದೋ 'ಪವರ್ ಸಪ್ಲೈ' ಎಂದೋ ತೀರ್ಪು ಕೊಡುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗಿಯೇ ಇರುತ್ತಿತ್ತು. ಹತ್ತನೆಯದು ಯಾರ ಬಾಯಿಗೂ ಬೀಳದಂತೆ ನೋಡಿಕೊಳ್ಳುವುದರಲ್ಲಿ ಅವನು ಇನ್ನೂ ಹೆಚ್ಚಿನ ನಿಪುಣ. ಹೀಗಾಗಿ ಬೀದಿಯವರು ಅವನಿಗೆ ಕಿವಿ ಡಾಕ್ಟರ್ ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ಅರ್ಧ ಮರ್ಯಾದೆ, ಅರ್ಧ ಗೇಲಿ. ಅವನು ಮರ್ಯಾದೆಯ ಅರ್ಧವನ್ನು ಮಾತ್ರ ಎತ್ತಿಕೊಂಡು ಇಪ್ಪತ್ತು ವರ್ಷ ಮೀಸೆ ತಿರುವಿದ.

ಅಂಗಡಿಯ ಬಾಗಿಲಿಗೆ ಅವನೇ ಕೈಯಾರೆ ಬರೆದ ಒಂದು ಹಲಗೆ ಇತ್ತು: 'ಪೆಟ್ಟಿಗೆ ಮಾತ್ರ ತನ್ನಿ. ಪರದೆ, ಕೀಬೋರ್ಡ್, ಮೌಸ್ ಮತ್ತು ಸಲಹೆ ತರಬೇಡಿ.' ಗಿರಾಕಿ ಪರದೆಯ ಮೇಲೆ ಏನೋ ಬರೆದಿತ್ತು ಎಂದು ಬಾಯಿ ತೆರೆದರೆ ಸಾಕು, ಅಂಗೈ ಎತ್ತಿ ತಡೆಯುತ್ತಿದ್ದ. "ಜ್ವರ ಬಂದವನು ಬಡಬಡಿಸೋದನ್ನ ಡಾಕ್ಟರು ಬರ್ಕೋತಾರಾ? ನಾಡಿ ಹಿಡಿದು ನೋಡ್ತಾರೆ" ಎನ್ನುತ್ತಿದ್ದ.

ಈ ಕಥೆಯನ್ನು ಈಗ ಅವನೇ ಕಂಡಕಂಡವರಿಗೆ ಹೇಳುತ್ತಾನೆ, ಅವರು ಕೇಳದಿದ್ದರೂ. ಹೇಳುವಾಗ ತನ್ನನ್ನು 'ಆ ಬೆಪ್ಪ' ಎಂದೇ ಕರೆದುಕೊಳ್ಳುತ್ತಾನೆ. ನಾವು ಅಷ್ಟು ನಿಷ್ಠುರವಾಗುವುದು ಬೇಡ. ಸ್ವಲ್ಪ ಆದರೆ ಸಾಕು.

ಒಂದು ಸೋಮವಾರ ಹನ್ನೊಂದೂಕಾಲಕ್ಕೆ ಅಕ್ಕನ ಫೋನು ಬಂತು. ಅಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದು ನಿವೃತ್ತಳಾದವಳು. ಸುಮ್ಮಸುಮ್ಮನೆ ಫೋನ್ ಮಾಡುವ ಜಾಯಮಾನ ಅವಳದ್ದಲ್ಲ.

"ಕಂಪ್ಯೂಟರ್ ಏಳ್ತಾ ಇಲ್ಲ ಕಣೋ. ಕೂಗ್ತಾ ಇದೆ. ನಿಮ್ಮ ಭಾವ ಕೂತು ಕಾಯ್ತಾ ಇದಾರೆ."

"ಆಫ್ ಮಾಡು. ಮತ್ತೆ ಮತ್ತೆ ಸ್ವಿಚ್ ಒತ್ಬೇಡ, ಸುಟ್ಟುಹೋದೀತು. ನಾನು ಬರೋ ತನಕ ಅದರ ಹತ್ರಾನೂ ಹೋಗ್ಬೇಡ" ಎಂದ ಡಾಕ್ಟರ್ ಗತ್ತಿನಲ್ಲಿ. ಅಕ್ಕ ಹೂಂ ಎಂದಳು.

ಆ ಕಂಪ್ಯೂಟರ್ ಎಂದರೆ ಏನು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಭಾವ ರೈಲ್ವೆ ಸ್ಟೇಷನ್ನಿನಲ್ಲಿ ಮೂವತ್ತೊಂದು ವರ್ಷ ಮೈಕಿನ ಮುಂದೆ ಕೂತು ಗಾಡಿಗಳು ಬರುವುದು ಹೋಗುವುದನ್ನು ಕೂಗಿದವರು. ಅವರ ದನಿ ಕೇಳಿದರೆ ತಪ್ಪಿದ ಗಾಡಿಯ ಮೇಲೂ ಸಿಟ್ಟು ಬರುತ್ತಿರಲಿಲ್ಲ. ಒಂಬತ್ತು ತಿಂಗಳ ಹಿಂದೆ ಒಂದು ಬೆಳಗ್ಗೆ ಹಲ್ಲುಜ್ಜುತ್ತ ನಿಂತಿದ್ದವರು ಹಾಗೇ ಕುಸಿದರು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಏಟಿಗೆ ಹೋದವು. ಕಾಲು ತುಸು ಬಂತು. ಕೈ ಬರಲಿಲ್ಲ. ಆರು ತಿಂಗಳು ದಾಟಿದ ಮೇಲೆ ಕೈಯ ಆಸೆ ಇಟ್ಟುಕೊಳ್ಳಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದರು.

ಮಾತು ಕಲಿಸಲು ಅಕ್ಕ ಪಟ್ಟ ಪಾಡು ಅಷ್ಟಿಷ್ಟಲ್ಲ. 'ನೀರು' ಎಂದು ಅವಳು ಹೇಳಿದರೆ ಭಾವ ಮುಖ ತಿರುಗಿಸುತ್ತಿದ್ದರು. ಹೆಂಡತಿ ಬಾಯಗಲಿಸಿ ತೋರಿಸುವುದು, ತಾವು ಅದನ್ನು ನೋಡಿ ಅನ್ನುವುದು, ಅವರಿಗೆ ಅದು ಸಾವಿಗಿಂತ ಹೆಚ್ಚಿನ ಅವಮಾನ. ಆಗ ಅಕ್ಕನಿಗೆ ಒಂದು ಉಪಾಯ ಹೊಳೆಯಿತು. ಭಾವ ಕೆಲಸದಲ್ಲಿದ್ದಾಗ ಧ್ವನಿಮುದ್ರಿಸಿಕೊಂಡಿದ್ದ ಪ್ರಕಟಣೆಗಳು ಮನೆಯ ಕಂಪ್ಯೂಟರಿನಲ್ಲಿದ್ದವು. ಅವಳು ಅವುಗಳಿಂದ ಒಂದೊಂದೇ ಪದ ಕತ್ತರಿಸಿ ತೆಗೆದು ಸಾಲಾಗಿ ಜೋಡಿಸಿದಳು. ಭಾವ ಎಡಗೈಯಿಂದ ಒಂದು ಕೀ ಒತ್ತಿದರೆ ಅವರದೇ ಹಳೆಯ ದನಿ 'ಗಮನಕ್ಕೆ' ಎನ್ನುತ್ತಿತ್ತು, ಅವರು ಹಿಂದಿನಿಂದ ಅದನ್ನೇ ಅನ್ನುತ್ತಿದ್ದರು. ತಮ್ಮ ಮಾತನ್ನು ತಾವೇ ಕಲಿಯುವುದರಲ್ಲಿ ಅವರಿಗೆ ಅವಮಾನ ಅನ್ನಿಸಲಿಲ್ಲ.

ದಿನಾ ಹನ್ನೊಂದು ಗಂಟೆಗೆ ಪಾಠ. ಆ ಸೋಮವಾರದ ಹೊತ್ತಿಗೆ ಮೂವತ್ತೆಂಟು ಪದ ಬಂದಿದ್ದವು. ಎಲ್ಲ ಸ್ಟೇಷನ್ ಪದಗಳೇ ಆದ್ದರಿಂದ ಸಂಸಾರ ಸ್ವಲ್ಪ ವಿಚಿತ್ರವಾಗಿ ನಡೆಯುತ್ತಿತ್ತು. ಬಚ್ಚಲಿಗೆ ಹೋಗಬೇಕಾದರೆ ಭಾವ "ಹೊರಡಲಿದೆ" ಎನ್ನುತ್ತಿದ್ದರು. ಊಟ ಸಾಕಾದರೆ "ರದ್ದು". ಅಕ್ಕ ಅಡುಗೆಮನೆಯಿಂದ ಬೇಗ ಬರಲಿ ಎನಿಸಿದಾಗ ಗೋಡೆಯ ಗಡಿಯಾರ ತೋರಿಸಿ "ಬರುತ್ತಿದೆ?" ಎಂದು ಕೇಳುತ್ತಿದ್ದರು. ಅವಳು ಬಂತು ಬಂತು ಎನ್ನುತ್ತ ಸೆರಗಿಗೆ ಕೈ ಒರೆಸಿಕೊಂಡು ಓಡಿಬರುತ್ತಿದ್ದಳು.

ಇಷ್ಟೆಲ್ಲ ನಡೆಯುತ್ತಿದ್ದಾಗ ನಮ್ಮ ಕಿವಿ ಡಾಕ್ಟರ್ ಎಷ್ಟು ಸಲ ಆ ಮನೆಗೆ ಹೋಗಿದ್ದ ಎಂದರೆ, ಬೆರಳಿನಲ್ಲಿ ಎಣಿಸಿದರೆ ಬೆರಳು ಮಿಗುತ್ತಿದ್ದವು. ಕೆಲಸ ಇದೆ ಎನ್ನುತ್ತಿದ್ದ. ನಿಜ ಏನೆಂದರೆ ಅವನಿಗೆ ಹೆದರಿಕೆ. ಭಾವ ಒಂದು ಕಾಲಕ್ಕೆ ಅವನನ್ನು ಎಷ್ಟು ಗೋಳು ಹೊಯ್ದುಕೊಂಡಿದ್ದರೆಂದರೆ, ಅವನು ಮನೆ ಬಾಗಿಲಿಗೆ ಬಂದರೆ ಸಾಕು, ತಮ್ಮ ಬಾಯಿಯ ಮುಂದೆ ಮುಷ್ಟಿಯನ್ನು ಮೈಕಿನಂತೆ ಹಿಡಿದು, "ಪ್ರಯಾಣಿಕರ ಗಮನಕ್ಕೆ. ಕಿವಿ ಡಾಕ್ಟರ್ ಎಕ್ಸ್‌ಪ್ರೆಸ್ ಎಂದಿನಂತೆ ಎರಡು ಗಂಟೆ ತಡವಾಗಿ ಬರುತ್ತಿದೆ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಆಗ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಆ ಬಾಗಿಲಲ್ಲಿ ಯಾರೂ ಏನೂ ಕೂಗದೆ ಇರುವುದನ್ನು ಅವನ ಹೆಸರುವಾಸಿ ಕಿವಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಮಂಗಳವಾರ ಹನ್ನೊಂದಕ್ಕೆ ಹೋದ. ಭಾವ ಆಗಲೇ ಕಿಟಕಿ ಪಕ್ಕದ ಮೇಜಿನ ಮುಂದೆ ಗಾಲಿಕುರ್ಚಿಯಲ್ಲಿ ಕೂತಿದ್ದರು. ಅವನನ್ನು ಕಂಡು ಮುಖದ ಎಡಭಾಗ ಅರಳಿತು.

"ತಡವಾಗಿ" ಎಂದರು.

ಅವನು "ಗಾಡಿ ಸಿಗ್ನಲ್‌ನಲ್ಲಿ ನಿಂತಿತ್ತು ಭಾವ" ಎಂದು ಹೇಗೋ ನಕ್ಕ.

ಅಕ್ಕ ಒಂದು ಟವೆಲನ್ನು ನಾಲ್ಕು ಮಡಿಕೆ ಮಾಡಿ ಕೀಬೋರ್ಡಿನ ಬಲತುದಿಗೆ ಒತ್ತರಿಸಿ ಇಟ್ಟಳು. ಭಾವನ ಬಲಗೈಯನ್ನು ಮಗುವನ್ನು ಎತ್ತುವ ಹಾಗೆ ಎರಡೂ ಕೈಯಲ್ಲಿ ಎತ್ತಿ ಅದರ ಮೇಲೆ ಮಲಗಿಸಿದಳು. "ಕೈ ಕಣ್ಣೆದುರಿಗೇ ಇರ್ಬೇಕು. ಮಡಿಲಲ್ಲಿ ಬಿಟ್ರೆ ತನ್ನದಲ್ಲ ಅಂತ ಮರ್ತೇಬಿಡ್ತಾರೆ" ಎಂದಳು. ಅವನು ತಲೆಯಾಡಿಸಿದ. ಕೈಯ ವಿಚಾರ ಅವನ ಇಲಾಖೆಯದ್ದಲ್ಲ.

ಅವನು ಮೇಜಿನ ಕೆಳಗೆ ತೂರಿ, ಪೆಟ್ಟಿಗೆಯ ಪಕ್ಕ ಮಂಡಿಯೂರಿ, ಕಣ್ಣು ಮುಚ್ಚಿ, ಸ್ವಿಚ್ಚು ಒತ್ತಿದ. ಫ್ಯಾನು ತಿರುಗಿತು. ಡಿಸ್ಕು ಗುರ್ ಎಂದಿತು. ಆಮೇಲೆ ಶುರುವಾಯಿತು ನೋಡಿ: ಟೀಂ, ಟೀಂ, ಟೀಂ, ಟೀಂ, ಬಿಡುವೇ ಇಲ್ಲ.

"ಮೆಮೊರಿ" ಎಂದ, ಕತ್ತಲೊಳಗಿಂದ.

"ಪರದೆ ಮೇಲೆ ಏನೋ ಬರ್ದಿದೆ ಕಣೋ. ಸಣ್ಣಕ್ಷರ. ಓದ್ಲಾ?"

"ಬೇಡ ಅಕ್ಕ. ಅದು ಏನಾದ್ರೂ ಬಡಬಡಿಸುತ್ತೆ. ಆಫ್ ಮಾಡ್ತೀನಿ."

ಅಕ್ಕ ಹಿಂದೆ ಸರಿದಳು. ಮೂವತ್ತು ವರ್ಷ ಡಾಕ್ಟರುಗಳ ಪಕ್ಕ ನಿಂತವಳು. ಬೇಡ ಅಂದರೆ ಬೇಡ.

ಪೆಟ್ಟಿಗೆ ಹೊತ್ತುಕೊಂಡು ಅಂಗಡಿಗೆ ಬಂದು ಮೇಜಿನ ಮೇಲಿಟ್ಟು, ತನ್ನ ಪರದೆ, ತನ್ನ ಕೀಬೋರ್ಡು ಸಿಕ್ಕಿಸಿ ಸ್ವಿಚ್ಚು ಒತ್ತಿದ. ಅದು ಒಳ್ಳೆಯ ಹುಡುಗಿಯಂತೆ ಎದ್ದು ಕೂತಿತು. ಕೂಗಿಲ್ಲ, ಕಿರುಚಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ತಲೆ ಕೆರೆದುಕೊಳ್ಳುತ್ತಿದ್ದರು. ಅವನು ಮಾತ್ರ, ಎತ್ತಿ ತರುವಾಗ ಅಲುಗಾಡಿ ಮೆಮೊರಿ ತಾನಾಗಿಯೇ ಸರಿಯಾಗಿ ಕೂತಿದೆ ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಇರಲಿ ಎಂದು ಹೊಸ ಮೆಮೊರಿ ಹಾಕಿದ.

ಮೊದಲು ಭಾವನ ದನಿಯ ಕಡತಗಳನ್ನೆಲ್ಲ ನಕಲು ಮಾಡಿಟ್ಟುಕೊಂಡ. ಸರಿಯಾಗಿ ಬಂದಿದೆಯೇ ಎಂದು ಒಂದನ್ನು ಒತ್ತಿದ. "ಪ್ರಯಾಣಿಕರ ಗಮನಕ್ಕೆ" ಎಂದು ಭಾವ ಅಂಗಡಿಯ ತುಂಬ ತುಂಬಿಕೊಂಡರು. ಚಾರ್ಜರ್ ಕೊಳ್ಳಲು ಬಂದ ಹೆಂಗಸೊಬ್ಬಳು ಬೆಚ್ಚಿ ಹಿಂದೆ ತಿರುಗಿ, ಬ್ಯಾಗು ಎತ್ತಿಕೊಂಡಳು. ಅವನಿಗೆ ನಗು ಬಂತು. ಆಮೇಲೆ ಬೆಂಚಿನ ಹಿಂದೆ ಹೋಗಿ, ಏನೋ ಬೀಳಿಸಿಕೊಂಡವನಂತೆ ಬಗ್ಗಿ, ಕಣ್ಣು ಒರೆಸಿಕೊಂಡ. ಒಂಬತ್ತು ತಿಂಗಳು ತಾನು ಅತ್ತ ಹೆಚ್ಚು ಹೋಗದೆ ಉಳಿದದ್ದು ಕೆಲಸದಿಂದಲ್ಲ, ಹೇಡಿತನದಿಂದ ಎಂದು ಅಲ್ಲಿ ನೆಲದ ಮೇಲೆ ಕೂತು ಒಪ್ಪಿಕೊಂಡ. ಇದೊಂದನ್ನಾದರೂ ನೆಟ್ಟಗೆ ಮಾಡಿಕೊಡಬೇಕು ಎಂದುಕೊಂಡ.

ಗುರುವಾರ ಹನ್ನೊಂದಕ್ಕೆ ಪೆಟ್ಟಿಗೆ ಮರಳಿ ತಂದ. ಭಾವ ಮೇಜಿನ ಮುಂದೆ ಸಿದ್ಧರಾಗಿದ್ದರು. ಟವೆಲು ಇತ್ತು, ಕೈ ಟವೆಲಿನ ಮೇಲಿತ್ತು. ಸೋಮವಾರದಿಂದ ಪಾಠ ಇಲ್ಲದೆ ಅವರ ಮುಖ ಬಾಡಿತ್ತು. "ಮೂವತ್ತೈದು" ಎಂದು ಅಕ್ಕ ಅವನ ಕಿವಿಯಲ್ಲಿ ಹೇಳಿದಳು. ಅವಳು ಒಂದು ಡೈರಿಯಲ್ಲಿ ದಿನಾ ಎಷ್ಟು ಪದ ಬಂದವು ಎಂದು ಬರೆದಿಡುತ್ತಿದ್ದಳು. ಮೂರು ಪದ ಆಗಲೇ ಕೈಬಿಟ್ಟು ಹೋಗಿದ್ದವು.

"ಈಗ ನೋಡಿ ಭಾವ" ಎಂದು ಹುರುಪಿನಲ್ಲಿ ಮೇಜಿನ ಕೆಳಗೆ ತೂರಿದ. ಭಾವ ಮುಂದಕ್ಕೆ ಬಾಗಿದರು. ಸ್ವಿಚ್ಚು ಒತ್ತಿದ.

ಟೀಂ, ಟೀಂ, ಟೀಂ, ಟೀಂ.

ಅವನು ಮೇಜಿನ ಕೆಳಗೇ ಸ್ವಲ್ಪ ಹೊತ್ತು ಉಳಿದ. ಹೊರಗೆ ಬರಲು ಮುಖ ಇರಲಿಲ್ಲ. ಬಂದಾಗ ಮೊಣಕಾಲಿಗೆಲ್ಲ ಧೂಳು, ತಲೆಯ ಮೇಲೆ ಜೇಡರ ಬಲೆ. ಭಾವ ಅವನನ್ನು ನೋಡಿ "ರದ್ದು" ಎಂದರು. ಗೇಲಿಯಲ್ಲಿ ಅಲ್ಲ, ಬೇಸರದಲ್ಲಿ. ಅವನಿಗೆ ಗೇಲಿಯೇ ಎಷ್ಟೋ ವಾಸಿ ಅನ್ನಿಸಿತು.

ಪೆಟ್ಟಿಗೆ ಮತ್ತೆ ಅಂಗಡಿಗೆ ಹೋಯಿತು, ಅಲ್ಲಿ ಮತ್ತೆ ಎದ್ದು ಕೂತಿತು. ಪವರ್ ಸಪ್ಲೈ ಬದಲಾಯಿಸಿದ. ಒಳಗಿನ ಗುಂಡು ಬ್ಯಾಟರಿ ಬದಲಾಯಿಸಿದ. ಬದಲಾಯಿಸಲು ಇನ್ನೇನೂ ಉಳಿಯದಿದ್ದಾಗ ಸ್ಕ್ರೂಗಳನ್ನು ಬದಲಾಯಿಸಿದ. ಅಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಹತ್ತಿರ ತೋಡಿಕೊಂಡ. ಅವಳು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಬಟ್ಟೆ ಹೊಲಿಯುವವಳು.

"ರೀ, ಇಲ್ಲಿ ಏಳೋದು ಅಲ್ಲಿ ಏಳಲ್ಲ ಅಂದ್ರೆ, ಇಲ್ಲಿ ಇಲ್ದೆ ಇರೋದು ಏನೋ ಅಲ್ಲಿ ಇದೆ ತಾನೇ?" ಎಂದಳು ಅವಳು. "ನನ್ನ ಮಷೀನು ಒಂದೇ ಬಟ್ಟೆ ಹಾಕ್ದಾಗ ದಾರ ಕಡೀತಿದ್ರೆ ನಾನು ಮಷೀನ್ ಬಿಚ್ಚಲ್ಲ. ಬಟ್ಟೆ ನೋಡ್ತೀನಿ."

ಇಡೀ ಕಥೆಯಲ್ಲಿ ಬುದ್ಧಿವಂತಿಕೆಯ ಮಾತು ಇದೊಂದೇ. ಅವನು ಅದನ್ನು ಅರ್ಧ ಕೇಳಿಸಿಕೊಂಡು ಎದ್ದು ನಿಂತ. "ಕರೆಂಟು" ಎಂದ. "ಅಲ್ಲಿ ಇರೋದು ಅವರ ಮನೆ ಕರೆಂಟು. ವೋಲ್ಟೇಜು ಸರಿ ಇಲ್ಲ."

"ನಾನು ಬಟ್ಟೆ ಅಂದೆ" ಎಂದಳು ಹೆಂಡತಿ. ಅವನು ಆಗಲೇ ಮೀಟರು ಹುಡುಕುತ್ತಿದ್ದ.

ಶುಕ್ರವಾರ, ಶನಿವಾರ ಎರಡು ದಿನ ಅಂಗಡಿಯಲ್ಲಿ ಸಿದ್ಧತೆ ನಡೆಯಿತು. ಸೋಮವಾರ ಅವನು ಅಕ್ಕನ ಮನೆಗೆ ಹೊರಟದ್ದು ಒಂದು ದಂಡಯಾತ್ರೆ. ಅಂಗಡಿಯಲ್ಲಿ ಹನ್ನೊಂದು ವರ್ಷ ಒಂದು ದಿನವೂ ಕೈಕೊಡದ ತನ್ನದೇ ಪೆಟ್ಟಿಗೆಗೆ ಭಾವನ ದನಿಗಳನ್ನೆಲ್ಲ ತುಂಬಿಸಿ ತಂದಿದ್ದ. ಜೊತೆಗೆ ಒಂದು ಸ್ಟೆಬಿಲೈಸರ್, ಮೀಟರು, ಹೊಸ ವೈರು. ಬಂದವನೇ ಮನೆಯ ಪ್ಲಗ್ಗುಗಳಿಗೆಲ್ಲ ಮೀಟರಿನ ಕಡ್ಡಿ ಚುಚ್ಚಿ ನೋಡಿದ. ಅಡುಗೆಮನೆ, ಬಚ್ಚಲು, ಮಲಗುವ ಕೋಣೆ, ಯಾವುದನ್ನೂ ಬಿಡಲಿಲ್ಲ. ಅಕ್ಕ ಹಿಂದೆ ಹಿಂದೆ ಬಂದು ಅವನು ಎಳೆದ ಮಂಚ, ಜರುಗಿಸಿದ ಬೀರು, ಎಲ್ಲವನ್ನೂ ಸ್ವಸ್ಥಾನಕ್ಕೆ ತಳ್ಳಿದಳು. ಎಲ್ಲ ಕಡೆ ವೋಲ್ಟೇಜು ಸರಿಯಾಗಿತ್ತು. ಅಷ್ಟು ಸರಿಯಾದ ವೋಲ್ಟೇಜು ಅವನು ತನ್ನ ಅಂಗಡಿಯಲ್ಲಿಯೂ ಕಂಡಿರಲಿಲ್ಲ.

ಆಮೇಲೆ ಭಾವನ ಮುಂದಿನ ಪರದೆಗೂ ಕೀಬೋರ್ಡಿಗೂ ತನ್ನ ಪೆಟ್ಟಿಗೆ ಜೋಡಿಸಿದ. ಮೇಜಿನ ಕೆಳಗೆ ತೂರಿದ. ಇಷ್ಟು ದಿನದಲ್ಲಿ ಆ ಜಾಗ ಅವನಿಗೆ ಮನೆಯಂತೆ ಆಗಿತ್ತು. ಕಣ್ಣು ಮುಚ್ಚಿ, ಒಳಗೊಳಗೆ ದೇವರನ್ನು ನೆನೆದು, ಒತ್ತಿದ.

ಟೀಂ, ಟೀಂ, ಟೀಂ, ಟೀಂ.

ಹನ್ನೊಂದು ವರ್ಷ ಅವನನ್ನು ಸಾಕಿದ ಪೆಟ್ಟಿಗೆಯೂ ಈ ಮನೆಗೆ ಬಂದು ಹೀಗೆ ಮಾಡಿತು. ಹೊರಗೆ ಬಂದು ನೆಲದ ಮೇಲೆ ಹಾಗೇ ಕೂತುಬಿಟ್ಟ. ಸ್ವಿಚ್ಚು ಆಫ್ ಮಾಡುವುದೂ ನೆನಪಾಗಲಿಲ್ಲ. ಅದು ಕೂಗುತ್ತಲೇ ಇತ್ತು.

ಅಕ್ಕ ಡೈರಿ ತೆಗೆದಳು, ನೋಡಿದಳು, ಮುಚ್ಚಿದಳು.

"ಇಪ್ಪತ್ತೊಂಬತ್ತು" ಎಂದಳು. "ಇವತ್ತು ಬೆಳಗ್ಗೆ ಗಡಿಯಾರ ತೋರ್ಸಿದ್ರು. 'ಬರುತ್ತಿದೆ' ಅನ್ನೋಕೆ ಹೋದ್ರು. ಬರ್ಲಿಲ್ಲ. ಬಾಯಿ ಆಡ್ತು, ಮಾತು ಬರ್ಲಿಲ್ಲ. ಆಮೇಲೆ ಗೋಡೆ ಕಡೆ ತಿರುಗಿ ಕೂತ್ರು." ಅವಳ ದನಿ ನಡುಗಲಿಲ್ಲ. ನಡುಗದಂತೆ ಅವಳು ಹಿಡಿದುಕೊಂಡಿದ್ದು ಅವನಿಗೆ ಕೇಳಿಸಿತು. "ಬಿಡು ತಮ್ಮಾ. ನೀನು ಮಾಡೋದೆಲ್ಲ ಮಾಡ್ದೆ. ಕೈ ಬರಲ್ಲ ಅಂದಾಗ ಮಾತಾದ್ರೂ ಬರ್ತಿದೆಯಲ್ಲ ಅಂತಿದ್ದೆ. ಅದೂ ಹೋಗುತ್ತೆ ಅಂದ್ರೆ ಹೋಗ್ಲಿ. ಇನ್ನು ಇವರನ್ನ ದಿನಾ ಇಲ್ಲಿ ಕೂರ್ಸಿ ಆಸೆ ತೋರ್ಸೋಕೆ ನನ್ನಿಂದ ಆಗಲ್ಲ."

ಇಪ್ಪತ್ತು ವರ್ಷದಲ್ಲಿ ಯಾರ ಮುಂದೆಯೂ ಆಡದ ಒಂದು ಮಾತು ಆಗ ಅವನ ಬಾಯಿಂದ ಬಂತು.

"ನಂಗೆ ಏನೂ ಗೊತ್ತಾಗ್ತಿಲ್ಲ ಅಕ್ಕ."

ಅಕ್ಕ ಕೊರಳಿಗೆ ನೇತುಹಾಕಿಕೊಂಡಿದ್ದ ಓದುವ ಕನ್ನಡಕ ಎತ್ತಿ ಮೂಗಿಗೇರಿಸಿದಳು.

"ಹಾಗಾದ್ರೆ ಈಗ ಓದ್ಲಾ?"

"ಓದು."

ಅವಳು ಪರದೆಯ ಹತ್ತಿರ ಬಗ್ಗಿ, ರೋಗಿಯ ಚೀಟಿ ಓದುವ ಹಾಗೆ ನಿಧಾನಕ್ಕೆ, ಒಂದೊಂದೇ ಪದವನ್ನು ಇಂಗ್ಲಿಷಿನಲ್ಲಿ ಓದಿ, ಕೊನೆಗೆ ಕನ್ನಡದಲ್ಲಿ ಹೇಳಿದಳು: "ಕೀಬೋರ್ಡಿನಲ್ಲಿ ಯಾವುದೋ ಒಂದು ಕೀ ಒತ್ತಿಕೊಂಡೇ ಇದೆ. ಬಿಟ್ಟು ನೋಡಿ ಅಂತಿದೆ. ಅಷ್ಟೇ ಕಣೋ."

ಅಷ್ಟೇ. ಒಂದು ಸಾಲು. ಒಂದು ವಾರದಿಂದ ಅದು ಅಲ್ಲೇ ಇತ್ತು, ಅವನ ಬೆನ್ನ ಹಿಂದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಅದು ಬಿಡದೆ ಇದ್ದುದರಿಂದ ಎದ್ದು ನಿಂತು ಕೀಬೋರ್ಡು ನೋಡಿದ.

ಬಲತುದಿಯಲ್ಲಿ, ಅಂಕಿಗಳ ಗುಂಪಿನ ಕೆಳಗೆ, ಸೊನ್ನೆಯ ಕೀ ಒಳಕ್ಕೆ ಹೋಗಿತ್ತು. ಅದರ ಮೇಲೆ ಭಾವನ ಬಲಗೈಯ ತೋರುಬೆರಳು ಇತ್ತು.

"ಅಯ್ಯೋ ದೇವರೇ, ಕೈ ಜಾರಿದೆ" ಎಂದಳು ಅಕ್ಕ. "ನನ್ನ ತಪ್ಪು. ಟವೆಲ್ ಸರಿಯಾಗಿ ಇಟ್ಟಿಲ್ಲ ನಾನು. ಕೈ ಭಾರಕ್ಕೆ ಕೀ ಒತ್ತಿದೆ." ಕೈಯನ್ನು ಎತ್ತಿ ಹಿಡಿದಳು. ಕೂಗು ನಿಂತಿತು. ಒಂದು ವಾರ ಆ ಮನೆಯಲ್ಲಿ ಅವನು ಬಂದಾಗಲೆಲ್ಲ ಕೇಳಿದ್ದ ಕೂಗು ತಟ್ಟನೆ ನಿಂತದ್ದೇ ಮನೆ ಖಾಲಿಯಾದಂತೆ ಅನ್ನಿಸಿತು.

ನಗಬೇಕೋ ಅಳಬೇಕೋ ತಿಳಿಯದೆ ಅವನು ಹಣೆ ಚಚ್ಚಿಕೊಂಡ. ಮೆಮೊರಿ, ಪವರ್ ಸಪ್ಲೈ, ಬ್ಯಾಟರಿ, ಸ್ಕ್ರೂ. ಬಚ್ಚಲಿನ ಪ್ಲಗ್ಗನ್ನೂ ಬಿಟ್ಟಿರಲಿಲ್ಲ. ಕೀಬೋರ್ಡು ಮಾತ್ರ ಅವನ ಅಂಗಡಿಗೆ ಬರಲಿಲ್ಲ, ಏಕೆಂದರೆ ತರಬೇಡಿ ಎಂದು ಬರೆದು ನೇತುಹಾಕಿದವನು ಅವನೇ.

ಅಕ್ಕ ಟವೆಲನ್ನು ಎರಡು ಬೆರಳಗಲ ಹಿಂದಕ್ಕೆ ಎಳೆದಳು. ಕೈಯನ್ನು ಮತ್ತೆ ಮಲಗಿಸಿದಳು. ಬೆರಳ ತುದಿಗಳು ಈಗ ಕೀಗಳ ಮೇಲೆ, ಗಾಳಿಯಲ್ಲಿ ಇದ್ದವು. ಯಾವುದನ್ನೂ ತಾಗಿರಲಿಲ್ಲ. "ಸರಿಹೋಯ್ತು. ಈಗ ಆಫ್ ಮಾಡಿ ಮತ್ತೆ ಹಾಕು" ಎಂದಳು. "ಪಾಠ ಮಾಡೋಣ ರೀ, ಎಲ್ಲ ಸರಿಹೋಯ್ತು."

ಪಾಠ ಎಂದದ್ದೇ ಭಾವ ಮುಂದಕ್ಕೆ ಬಾಗಿದರು. ಪಾಠ ಶುರುವಾಗುವಾಗ ಅವರು ಯಾವಾಗಲೂ ಹಾಗೆ, ಮೈಯೆಲ್ಲ ಬಾಯಿಗೆ ಬಂದವರಂತೆ ಬಾಗುತ್ತಿದ್ದರು.

ಟೀಂ.

ಅವನು ಸ್ವಿಚ್ಚಿನ ಕಡೆ ಚಾಚಿದ್ದ ಕೈ ಅಲ್ಲೇ ನಿಂತಿತು. ಮೂವರೂ ಕೀಬೋರ್ಡು ನೋಡಿದರು. ಟವೆಲು ಇಟ್ಟ ಕಡೆಯೇ ಇತ್ತು. ಕೈ ಜಾರಿರಲಿಲ್ಲ. ಉಳಿದ ನಾಲ್ಕು ಬೆರಳು ಹಾಗೇ ಮಲಗಿದ್ದವು. ತೋರುಬೆರಳು ಒಂದು ಮಾತ್ರ ಬಗ್ಗಿ ಸೊನ್ನೆಯ ಮೇಲೆ ಇಳಿದಿತ್ತು.

"ಯಾರೂ ಮುಟ್ಬೇಡಿ" ಎಂದಳು ಅಕ್ಕ. ಅದು ವಾರ್ಡಿನ ದನಿ. ಅವಳು ಕುರ್ಚಿಯ ಪಕ್ಕ ಮೊಣಕಾಲೂರಿ ಕೂತು, ಕೈಗೆ ಮುಖ ತಂದು, ಉಸಿರು ಬಿಗಿಹಿಡಿದು ನೋಡಿದಳು. ಒಂಬತ್ತು ತಿಂಗಳು ದಿನಾ ಬೆಳಗ್ಗೆ ಆ ಕೈಯನ್ನು ಚಿವುಟಿ, ಚುಚ್ಚಿ, ಬಿಸಿ ನೀರಲ್ಲಿಟ್ಟು, ತಣ್ಣೀರಲ್ಲಿಟ್ಟು ನೋಡಿದವಳು ಅವಳು.

"ರೀ" ಎಂದಳು ಮೆಲ್ಲಗೆ. "ಬೆರಳು ಎತ್ತಿ."

ಭಾವ ತಮ್ಮ ಬೆರಳನ್ನು ಯಾರದೋ ಬೆರಳು ನೋಡುವ ಹಾಗೆ ನೋಡುತ್ತಿದ್ದರು. ಹಣೆಯ ಮೇಲೆ ನರ ಉಬ್ಬಿತು. ಎಷ್ಟು ಹೊತ್ತಾಯಿತೋ. ಕೀ ಮೊದಲು ಒಂದು ಕೂದಲಷ್ಟು ಮೇಲೆ ಬಂತು, ಆಮೇಲೆ ಪೂರ್ತಿ ಬಂತು. ಕೂಗು ನಿಂತಿತು.

"ಈಗ ಒತ್ತಿ. ಎರಡೇ ಸಲ. ಎರಡು ಒತ್ತಿ ನಿಲ್ಸಿ."

ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಕಿವಿ ಡಾಕ್ಟರ್ ಜೀವಮಾನದಲ್ಲಿ ಕಿವಿಗೊಟ್ಟು ಕೇಳಿದ್ದು ಅಂದೇ ಮೊದಲು ಎಂದು ಈಗ ಅವನೇ ಹೇಳುತ್ತಾನೆ.

ಟೀಂ.

ಬಿಡುವು.

ಟೀಂ.

ಮೂರನೆಯದು ಬರಲಿಲ್ಲ. ಬೆರಳು ಗಾಳಿಯಲ್ಲಿ ನಡುಗುತ್ತ ನಿಂತಿತ್ತು.

"ಒಂದು ಬೆರಳು ಅಷ್ಟೇ" ಎಂದಳು ಅಕ್ಕ, ತನಗೆ ತಾನೇ ಎಚ್ಚರಿಕೆ ಹೇಳಿಕೊಳ್ಳುವಂತೆ. "ಒಂದೇ ಬೆರಳು. ಜಾಸ್ತಿ ಆಸೆ ಇಟ್ಕೋಬಾರ್ದು. ಒಂದು ಬೆರಳು." ಮೂರನೆಯ ಸಲ ಅದನ್ನೇ ಹೇಳಲು ಹೋಗಿ ಅವಳಿಗೆ ಆಗಲಿಲ್ಲ. ಗಂಡನ ಮಡಿಲಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ಭಾವ ಎಡಗೈಯಿಂದ ಅವಳ ತಲೆ ಸವರಿದರು.

ಅವನು ನಿಂತಲ್ಲೇ ಇದ್ದ. ಪರದೆಯ ಮೇಲೆ ಆ ಸಾಲು ಇನ್ನೂ ಇತ್ತು, ಸಣ್ಣ ಬಿಳಿಯ ಅಕ್ಷರದಲ್ಲಿ. ಒಂದು ಕೀ ಒತ್ತಿಕೊಂಡಿದೆ. ದಿನಾ ಹನ್ನೊಂದು ಗಂಟೆಗೆ ಪಾಠದ ಆಸೆಗೆ ಭಾವನ ಮೈ ಬಾಗಿದಾಗ, ಸತ್ತುಹೋಯಿತು ಎಂದು ಎಲ್ಲರೂ ಬಿಟ್ಟಿದ್ದ ಬೆರಳೂ ಜೊತೆಗೆ ಬಾಗಿತ್ತು. ಯಂತ್ರ ಅದನ್ನು ಮೊದಲ ದಿನವೇ ಕಂಡು, ಬರೆದೂ ತೋರಿಸಿ, ಕೂಗಿಯೂ ಹೇಳಿತ್ತು. ಆ ಮನೆಯಲ್ಲಿ ಹೊಸದಾಗಿ ಕೆಲಸ ಮಾಡಲು ಶುರುಮಾಡಿದ್ದು ಆ ಬೆರಳೊಂದೇ. ಅದರ ಕೆಲಸವನ್ನೇ ಯಂತ್ರದ ದೋಷ ಎಂದುಕೊಂಡು ಅವನು ಒಂದು ವಾರ ರಿಪೇರಿ ಮಾಡಿದ್ದ. ದೇವರ ದಯೆ, ರಿಪೇರಿ ಫಲಿಸಲಿಲ್ಲ.

"ಅಕ್ಕ, ಆಫ್ ಮಾಡಿ ಮತ್ತೆ ಹಾಕ್ಲಾ? ಪಾಠ?" ಎಂದ, ಏನಾದರೂ ಹೇಳಬೇಕಲ್ಲ ಎಂದು.

"ಮುಟ್ಬೇಡ" ಎಂದಳು ಅಕ್ಕ, ಮುಖ ಎತ್ತದೆ. "ಸ್ವಲ್ಪ ಹೊತ್ತು ಹಾಗೇ ಇರ್ಲಿ. ಕೂಗ್ಲಿ ಅದು."

ಭಾವ ಅವನ ಕಡೆ ತಿರುಗಿದರು. ಅವನ ಧೂಳು ಹಿಡಿದ ಮೊಣಕಾಲು, ಕೊರಳಿಗೆ ಸುತ್ತಿಕೊಂಡಿದ್ದ ಮೀಟರಿನ ವೈರು, ಒಂದೊಂದನ್ನೂ ಬಿಡದೆ ನೋಡಿದರು. ಮುಖದ ಎಡಭಾಗ ಅರಳಿತು. ಎಡಗೈ ಅಕ್ಕನ ತಲೆಯಿಂದ ಮೇಲೆದ್ದು, ಮುಷ್ಟಿಯಾಗಿ, ಬಾಯಿಯ ಮುಂದೆ ಬಂದು ನಿಂತಿತು.

"ಗಮನಕ್ಕೆ" ಎಂದರು.

ಅವನು ನೆಟ್ಟಗೆ ನಿಂತ.

"ತಡವಾಗಿ" ಎಂದರು ಭಾವ. ಆಮೇಲೆ ತಡವರಿಸಿದರು. ಬಾಯಿ ಆಡಿತು, ಮಾತು ಬರಲಿಲ್ಲ. ಬೆಳಗ್ಗೆ ಕಳೆದುಹೋಗಿದ್ದ ಪದ ಅದು ಎಂದು ಅಕ್ಕನಿಗೆ ತಿಳಿಯಿತು, ಅವಳು ತಲೆ ಎತ್ತಿದಳು. ಹೇಳಿಕೊಡಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಬಲಗೈಯ ತೋರುಬೆರಳು ನಿಧಾನಕ್ಕೆ ಸೊನ್ನೆಯ ಮೇಲೆ ಇಳಿಯಿತು. ಟೀಂ, ಟೀಂ, ಟೀಂ ಎಂದು ಪೆಟ್ಟಿಗೆ ಕೂಗತೊಡಗಿತು. ಆ ಕೂಗಿನ ಮೇಲೆ, ಸ್ಟೇಷನ್ನಿನ ಗದ್ದಲದ ಮೇಲೆ ಹೇಳುತ್ತಿದ್ದ ಹಾಗೇ, ಭಾವ ಹೇಳಿದರು:

"ಬರುತ್ತಿದೆ."